ಜ್ವರ ಇಳಿದ ಮೇಲೆ ಕಣ್ಣು: ವೈರಾಣು ಸೋಂಕು ಮತ್ತು ಅಕ್ಷಿಪಟಲದ ಸಣ್ಣ ರಕ್ತನಾಳಗಳು

ಚರ್ಮ ಕೊಯ್ಯದೆ, ಸೂಜಿ ಚುಚ್ಚದೆ ದೇಹದ ಸಣ್ಣ ರಕ್ತನಾಳಗಳನ್ನು ನೇರವಾಗಿ ನೋಡಲು ಸಿಗುವ ಜಾಗ ಅಕ್ಷಿಪಟಲ. ಕಣ್ಣಿನ ಹಿಂಗೋಡೆಗೆ ಒಳಗಿನಿಂದ ಅಂಟಿಕೊಂಡಿರುವ ಈ ತೆಳು ನರಪದರವನ್ನು ನೋಡುವ ಉಪಕರಣವನ್ನು ಜರ್ಮನಿಯ ಹರ್ಮನ್ ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ಪ್ರಕಟಿಸಿದರು. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳು ನಾಳಗಳನ್ನು ಹೇಗೆ ಕೆಡಿಸುತ್ತವೆ ಎಂಬುದನ್ನು ವೈದ್ಯರು ಕಲಿತದ್ದು ಬಹುಮಟ್ಟಿಗೆ ಇದೇ ಕಿಟಕಿಯಿಂದ. ವೈರಾಣು ಜ್ವರಗಳೂ ಅಲ್ಲಿ ಗುರುತು ಬಿಡುತ್ತವೆ ಎಂಬ ಅರಿವು ನಮ್ಮಲ್ಲಿ ಗಟ್ಟಿಯಾದದ್ದು ಈಚಿನ ಎರಡು ದಶಕಗಳಲ್ಲಿ, ಅದರಲ್ಲೂ 2006ರ ಚಿಕುನ್‌ಗುನ್ಯಾ ಹಾವಳಿಯ ನಂತರ. ಆ ಹಾವಳಿಗೆ ಸಿಕ್ಕಿ ನಲುಗಿದ ಜಿಲ್ಲೆಗಳಲ್ಲಿ ರಾಯಚೂರೂ ಒಂದು.

ದೃಷ್ಟಿನರದ ನಡುವಿನಿಂದ ಕಣ್ಣೊಳಗೆ ಬರುವ ಒಂದೇ ಅಪಧಮನಿ ಕವಲೊಡೆದು ಅಕ್ಷಿಪಟಲದ ಒಳಪದರಗಳಿಗೆ ರಕ್ತ ಹಂಚುತ್ತದೆ. ಕೊನೆಯ ಕವಲುಗಳಾದ ಲೋಮನಾಳಗಳ ಅಗಲ ಐದರಿಂದ ಹತ್ತು ಮೈಕ್ರಾನ್. ಏಳೆಂಟು ಮೈಕ್ರಾನ್ ಅಗಲದ ಕೆಂಪು ರಕ್ತಕಣ ಎಷ್ಟೋ ಕಡೆ ಮೈ ಮಡಿಚಿಕೊಂಡೇ ನುಸುಳಬೇಕು. ಅಷ್ಟು ಇಕ್ಕಟ್ಟಿನ ದಾರಿಯಲ್ಲಿ ಒಂದು ಸಣ್ಣ ಗರಣೆ ಸಿಕ್ಕಿಕೊಂಡರೂ, ಗೋಡೆ ಊದಿಕೊಂಡರೂ ಹರಿವು ನಿಲ್ಲುತ್ತದೆ. ಈ ನಾಳಗಳ ಕೊನೆಗಳು ಪಕ್ಕದ ನಾಳಗಳೊಂದಿಗೆ ಧಾರಾಳವಾಗಿ ಕೂಡಿಕೊಳ್ಳುವುದಿಲ್ಲ. ಹಾಗಾಗಿ ಒಂದು ಮುಚ್ಚಿದರೆ ಅದು ಪೋಷಿಸುತ್ತಿದ್ದ ತುಣುಕಿಗೆ ಬೇರೆಡೆಯಿಂದ ರಕ್ತ ಬರುವುದು ಕಷ್ಟ.

ಮಿದುಳಿನ ನಾಳಗಳಂತೆ ಇಲ್ಲಿಯೂ ನಾಳಗೋಡೆಯ ಒಳಪದರದ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡಿರುತ್ತವೆ. ಹೊರಗಿನಿಂದ ಪೆರಿಸೈಟ್ ಎಂಬ ಕೋಶಗಳು ಅವುಗಳಿಗೆ ಆಸರೆ ಕೊಡುತ್ತವೆ. ರಕ್ತದಲ್ಲಿ ಇರುವುದೆಲ್ಲ ನರಪದರಕ್ಕೆ ಇಳಿಯದಂತೆ ತಡೆಯುವ ಕಟ್ಟೆ ಇದು. ಅಕ್ಷಿಪಟಲದ ನಟ್ಟನಡುವೆ, ಓದಲು ಮತ್ತು ಮುಖ ಗುರುತಿಸಲು ಬಳಕೆಯಾಗುವ ಮ್ಯಾಕ್ಯುಲಾದ ಕೇಂದ್ರದಲ್ಲಿ, ಸುಮಾರು ಅರ್ಧ ಮಿಲಿಮೀಟರ್ ಅಗಲದ ಜಾಗಕ್ಕೆ ಲೋಮನಾಳಗಳೇ ಇಲ್ಲ. ಅದರ ಅಂಚಿನ ಒಂದು ಸುತ್ತು ನಾಳಗಳನ್ನೇ ಅದು ನೆಚ್ಚಿಕೊಂಡಿದೆ. ಆ ಸುತ್ತಿನಲ್ಲಿ ಕೂದಲೆಳೆಯಷ್ಟು ಸೋರಿಕೆಯಾದರೂ ರೋಗಿಗೆ ತಿಳಿಯುತ್ತದೆ. ಅಂಚಿನಲ್ಲಿ ಎಲ್ಲೋ ಆದ ದೊಡ್ಡ ರಕ್ತಸ್ರಾವ ಮಾತ್ರ ತಿಂಗಳುಗಟ್ಟಲೆ ಗಮನಕ್ಕೇ ಬಾರದಿರಬಹುದು.

ವೈರಾಣು ಈ ನಾಳಗಳನ್ನು ಕೆಡಿಸುವ ದಾರಿಗಳು ಹಲವು. ಒಂದೇ ರೋಗಿಯಲ್ಲಿ ಅವು ಬೆರೆತುಕೊಂಡಿರುವುದರಿಂದ ಬೇರ್ಪಡಿಸಿ ನೋಡುವುದು ಪುಸ್ತಕದಲ್ಲಿ ಇರುವಷ್ಟು ಸುಲಭವಲ್ಲ. ಕೆಲವು ವೈರಾಣುಗಳು ನಾಳಗೋಡೆಯ ಕೋಶಗಳೊಳಗೇ ಹೊಕ್ಕು ಬೆಳೆಯುತ್ತವೆ. ಕೆಲವು ದೂರದಲ್ಲಿದ್ದೇ ತಮ್ಮ ಪ್ರೋಟೀನುಗಳಿಂದ ಗೋಡೆಯ ಹೊದಿಕೆಯನ್ನು ಸವೆಸುತ್ತವೆ. ಡೆಂಗಿ ವೈರಾಣುವಿನ ಎನ್‌ಎಸ್-1 ಇದಕ್ಕೆ ಚೆನ್ನಾಗಿ ಅಭ್ಯಾಸವಾಗಿರುವ ಉದಾಹರಣೆ. ಪ್ಲೇಟ್‌ಲೆಟ್‌ಗಳು ಕುಸಿದಾಗ ನಾಳಗಳಿಂದ ರಕ್ತ ಜಿನುಗುತ್ತದೆ. ಉರಿಯೂತದ ಭರದಲ್ಲಿ ರಕ್ತ ಹೆಪ್ಪುಗಟ್ಟುವ ಗುಣ ಏರಿದಾಗ ಅದಕ್ಕೆ ವಿರುದ್ಧವಾಗಿ ನಾಳಗಳು ಮುಚ್ಚಿಕೊಳ್ಳುತ್ತವೆ. ವೈರಾಣು ರಕ್ತದಿಂದ ಮರೆಯಾದ ಮೇಲೆ ದೇಹದ ರಕ್ಷಣಾ ವ್ಯವಸ್ಥೆಯೇ ತಡವಾಗಿ ನಾಳಗಳ ಮೇಲೆ ಎರಗುವುದೂ ಉಂಟು. ಜ್ವರ ಬಂದ ದಿನಕ್ಕೂ ದೃಷ್ಟಿ ಕೆಡುವ ದಿನಕ್ಕೂ ನಡುವೆ ವಾರಗಳ ಅಂತರ ಇರುವುದಕ್ಕೆ ಮುಖ್ಯ ವಿವರಣೆ ಈ ಕೊನೆಯದು.

ವೈದ್ಯರ ಕಣ್ಣಿಗೆ ಬೀಳುವ ಚಿಹ್ನೆಗಳು ಮಾತ್ರ ಬೆರಳೆಣಿಕೆಯವು: ಜ್ವಾಲೆಯ ಅಥವಾ ಚುಕ್ಕೆಯ ಆಕಾರದ ರಕ್ತಸ್ರಾವ, ರಕ್ತ ಸಿಗದೆ ನರತಂತುಗಳು ಊದಿಕೊಂಡಾಗ ಮೂಡುವ ಹತ್ತಿಯಂಥ ಬಿಳಿ ಮಚ್ಚೆ, ನಾಳದ ಸುತ್ತ ಬಿಳಿ ಪೊರೆ, ಉಬ್ಬಿದ ಅಭಿಧಮನಿ, ಮ್ಯಾಕ್ಯುಲಾದಲ್ಲಿ ನೀರು. ಇವುಗಳಲ್ಲಿ ಯಾವುದೂ ಒಂದು ನಿರ್ದಿಷ್ಟ ವೈರಾಣುವಿನ ಸಹಿ ಅಲ್ಲ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ತೀವ್ರ ರಕ್ತಹೀನತೆಗಳೂ ಇವೇ ಗುರುತುಗಳನ್ನು ಮೂಡಿಸುತ್ತವೆ. ಈ ವಿಷಯದ ಮೇಲೆ ಬಂದಿರುವ ಎಷ್ಟೋ ವರದಿಗಳ ದೌರ್ಬಲ್ಯ ಇಲ್ಲಿಯೇ ಇದೆ.

ಕೃಷ್ಣಾ, ತುಂಗಭದ್ರಾ ನದಿಗಳ ನಡುವಿನ ರಾಯಚೂರು ಸೀಮೆಯಲ್ಲಿ ಇಂಥ ಜ್ವರಗಳಿಗೆ ಬೇಕಾದ ನೆಲೆ ಚೆನ್ನಾಗಿಯೇ ಇದೆ. ತುಂಗಭದ್ರಾ ಎಡದಂಡೆ ಕಾಲುವೆಯಿಂದ ಮಾನ್ವಿ ಭಾಗ ಭತ್ತದ ಸೀಮೆಯಾಯಿತು. ದೇವದುರ್ಗದ ಕಡೆಗೆ ನಾರಾಯಣಪುರ ಬಲದಂಡೆ ಕಾಲುವೆ ಬಂತು. ಆದರೆ ಭತ್ತದ ಗದ್ದೆಯ ನೀರಿನಲ್ಲಿ ಬೆಳೆಯುವುದು ಮಿದುಳು ಜ್ವರ ಹರಡುವ ಕ್ಯೂಲೆಕ್ಸ್ ಸೊಳ್ಳೆ. ಡೆಂಗಿ, ಚಿಕುನ್‌ಗುನ್ಯಾ, ಜೀಕಾಗಳನ್ನು ಹೊತ್ತು ತರುವ ಈಡಿಸ್‌ಗೆ ಬೇಕಾದದ್ದು ಮನೆಯ ತಿಳಿನೀರು. ಎರಡು ಮೂರು ದಿನಕ್ಕೊಮ್ಮೆ ನಲ್ಲಿ ಬರುವ ಓಣಿಯಲ್ಲಿ ನೀರು ತುಂಬಿಟ್ಟ ಡ್ರಮ್ಮು, ಸಿಮೆಂಟ್ ತೊಟ್ಟಿ, ಮಾಳಿಗೆಯ ಮೇಲಿನ ಮುಚ್ಚಳವಿಲ್ಲದ ಟ್ಯಾಂಕು, ನಲವತ್ತು ಡಿಗ್ರಿ ದಾಟುವ ಬೇಸಿಗೆಯಲ್ಲಿ ಓಡುವ ಏರ್‌ಕೂಲರ್ ಇವೆಲ್ಲ ಅದರ ತವರು. ನೀರಾವರಿ ಬಂದ ಊರಿನಲ್ಲಿಯೂ ಕುಡಿಯುವ ನೀರಿಗೆ ಬರ ಇದ್ದರೆ ಜ್ವರ ತಪ್ಪುವುದಿಲ್ಲ. ಇದಕ್ಕೆ ಗುಳೆಯನ್ನೂ ಸೇರಿಸಬೇಕು. ದೇವದುರ್ಗದ ಹಳ್ಳಿಗಳಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗುವ ಕೂಲಿಕಾರರು ಜ್ವರವನ್ನು ಅಲ್ಲಿ ಅನುಭವಿಸಿ ಊರಿಗೆ ಮರಳಿದ ಮೇಲೆ ಕಣ್ಣು ಮಬ್ಬಾದರೆ, ಎರಡನ್ನೂ ಜೋಡಿಸಿ ನೋಡುವ ವೈದ್ಯರು ಎರಡೂ ಕಡೆ ಇರುವುದಿಲ್ಲ.

ಚಿಕುನ್‌ಗುನ್ಯಾ ಭಾರತದಿಂದ ಮೂರು ದಶಕಗಳಿಗೂ ಹೆಚ್ಚು ಕಾಲ ಬಹುತೇಕ ಮರೆಯಾಗಿತ್ತು. 1973ರಲ್ಲಿ ಮಹಾರಾಷ್ಟ್ರದ ಬಾರ್ಶಿಯಲ್ಲಿ ಕಾಣಿಸಿಕೊಂಡದ್ದು ಅದರ ಹಿಂದಿನ ಸುತ್ತು. 2005ರ ಕೊನೆಯಲ್ಲಿ ಆಂಧ್ರದಲ್ಲಿ ಮತ್ತೆ ತಲೆಯೆತ್ತಿ 2006ರ ಹೊತ್ತಿಗೆ ಹೈದರಾಬಾದ್ ಕರ್ನಾಟಕದ ಜಿಲ್ಲೆಗಳನ್ನು ಹೊಕ್ಕಿತು. ಆ ವರ್ಷ ದೇಶದಲ್ಲಿ ದಾಖಲಾದ ಸುಮಾರು 13.9 ಲಕ್ಷ ಶಂಕಿತ ಪ್ರಕರಣಗಳಲ್ಲಿ 7.5 ಲಕ್ಷಕ್ಕೂ ಹೆಚ್ಚು ಕರ್ನಾಟಕದವು. ಊರಿಗೆ ಊರೇ ಕೀಲು ಹಿಡಿದು ಮಲಗಿದ್ದನ್ನು ಈ ಭಾಗದ ಹಿರಿಯರು ಈಗಲೂ ನೆನೆಯುತ್ತಾರೆ. ಕೀಲುನೋವಿನ ಅಬ್ಬರದಲ್ಲಿ ಕಣ್ಣಿನ ತೊಂದರೆ ಸುದ್ದಿಯಾಗಲಿಲ್ಲ.

ಅದನ್ನು ದಾಖಲಿಸಿದ್ದು ದೂರದ ಊರಿನ ಕಣ್ಣಾಸ್ಪತ್ರೆಗಳು. ಬೆಂಗಳೂರಿನ ನಾರಾಯಣ ನೇತ್ರಾಲಯದ ಪದ್ಮಮಾಲಿನಿ ಮಹೇಂದ್ರದಾಸ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ವರದಿಯಲ್ಲಿ ಈ ಜ್ವರಕ್ಕೆ ಸಂಬಂಧಿಸಿದ ಕಣ್ಣಿನ ತೊಂದರೆಯ ಒಂಬತ್ತು ರೋಗಿಗಳಿದ್ದರು. ಐವರಿಗೆ ಕಣ್ಣಿನ ಮುಂಭಾಗದ ಉರಿಯೂತ, ಮೂವರಿಗೆ ಅಕ್ಷಿಪಟಲದ ಉರಿಯೂತ, ಒಬ್ಬರಿಗೆ ಬಿಳಿಗುಡ್ಡೆಯ ಮೇಲ್ಪದರದ ಉರಿಯೂತ. ಹೆಚ್ಚಿನವರಲ್ಲಿ ದೃಷ್ಟಿ ಸಾಕಷ್ಟು ಮರಳಿತು. ತಮಿಳುನಾಡಿನ ಅರವಿಂದ್ ಕಣ್ಣಾಸ್ಪತ್ರೆಯಿಂದಲೂ ಅದೇ ಕಾಲದ ವರದಿಗಳು ಬಂದವು. ಅಕ್ಷಿಪಟಲ ಕೆಟ್ಟ ರೋಗಿಗಳಲ್ಲಿ ಕಂಡದ್ದು ಹಿಂಭಾಗದಲ್ಲಿ ಮಾಸಲು ಬಿಳಿ ಮಚ್ಚೆಗಳು, ಅವುಗಳ ಸುತ್ತ ರಕ್ತಸ್ರಾವ, ಬಣ್ಣದ ದ್ರವ ಚುಚ್ಚಿ ತೆಗೆದ ಚಿತ್ರದಲ್ಲಿ ಅಲ್ಲಲ್ಲಿ ರಕ್ತವೇ ತಲುಪದ ಲೋಮನಾಳದ ಬಯಲುಗಳು. ಹರ್ಪಿಸ್ ವೈರಾಣುವಿನ ಹಾನಿಯನ್ನು ಇದು ಎಷ್ಟೋ ಹೋಲುತ್ತದೆ. ಆದರೆ ಕಣ್ಣಿನೊಳಗಿನ ಲೋಳೆಯಲ್ಲಿ ಉರಿಯೂತ ಅಷ್ಟಾಗಿ ಇರುವುದಿಲ್ಲ, ಮಚ್ಚೆಗಳು ಅಂಚಿಗಿಂತ ನಡುಭಾಗದಲ್ಲಿ ಹೆಚ್ಚು.

ಅದಾದ ಮೇಲೆ ಕರ್ನಾಟಕದ ವೈದ್ಯರು ಒಂದು ಕ್ರಮವನ್ನು ಗುರುತಿಸಿದರು. ಮಳೆಗಾಲ ಮುಗಿಯುತ್ತಿದ್ದಂತೆ, ಜ್ವರ ಬಂದು ಹೋದ ಎರಡರಿಂದ ನಾಲ್ಕು ವಾರಗಳಲ್ಲಿ, ಒಂದು ಅಥವಾ ಎರಡೂ ಕಣ್ಣು ಮಂಜಾದ ರೋಗಿಗಳು ಬರುತ್ತಾರೆ. ನೋವಿಲ್ಲ, ಕಣ್ಣು ಕೆಂಪಾಗಿಲ್ಲ. ಒಳಗೆ ನೋಡಿದರೆ ಮಚ್ಚೆ, ರಕ್ತಸ್ರಾವ, ನಾಳಗಳ ಉರಿಯೂತ, ಮ್ಯಾಕ್ಯುಲಾದಲ್ಲಿ ನೀರು. ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯ ವೈದ್ಯರು 2014ರಲ್ಲಿ ಇದನ್ನು ಜ್ವರೋತ್ತರ ಅಕ್ಷಿಪಟಲ ಉರಿಯೂತವೆಂಬ ಹೆಸರಿನಲ್ಲಿ ವರದಿ ಮಾಡಿದರು. ನಾರಾಯಣ ನೇತ್ರಾಲಯದ ತಂಡವೂ ಇಂಥ ರೋಗಿಗಳನ್ನು ಕುರಿತು ಮತ್ತೆ ಮತ್ತೆ ಬರೆದಿದೆ.

ಈ ಅಧ್ಯಯನಗಳಿಂದ ಹೊರಬಿದ್ದ ಮುಖ್ಯ ಸಂಗತಿ, ಜ್ವರೋತ್ತರ ಕಣ್ಣಿನ ಕಾಯಿಲೆಯೆಲ್ಲ ವೈರಾಣುವಿನದಲ್ಲ ಎಂಬುದು. ಉಣ್ಣೆ, ಚಿಗಟ, ನುಸಿಗಳಿಂದ ಬರುವ ರಿಕೆಟ್ಸಿಯಾ ಎಂಬ ಬ್ಯಾಕ್ಟೀರಿಯಾ ಜ್ವರ ಇದೇ ಚಿತ್ರವನ್ನು ಮೂಡಿಸುತ್ತದೆ, ಟೈಫಾಯ್ಡ್ ಕೂಡ. ರಿಕೆಟ್ಸಿಯಾ ನೇರವಾಗಿ ನಾಳಗೋಡೆಯ ಕೋಶಗಳಲ್ಲಿ ನೆಲೆಸುವ ಜೀವಿ. ಅದಕ್ಕೆ ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಮಾತ್ರೆ ಇದೆ, ವೈರಾಣುವಿಗೆ ಅದು ನಾಟುವುದಿಲ್ಲ. ದನ, ಕುರಿ, ನಾಯಿಗಳ ನಡುವೆ ಬದುಕುವ ರೈತನಿಗೆ ಜ್ವರ ಬಂದು ಕಣ್ಣು ಮಬ್ಬಾದಾಗ ‘ವೈರಲ್’ ಎಂದು ಕೈಬಿಡುವುದು, ಅಥವಾ ಪರೀಕ್ಷೆಯಿಲ್ಲದೆ ಸ್ಟೀರಾಯ್ಡ್ ಮಾತ್ರ ಕೊಟ್ಟು ಕಳಿಸುವುದು, ಎರಡೂ ತಪ್ಪು. ರಿಕೆಟ್ಸಿಯಾ ಪತ್ತೆಗೆ ಸಾಮಾನ್ಯವಾಗಿ ಬಳಕೆಯಲ್ಲಿರುವ ವೈಲ್-ಫೆಲಿಕ್ಸ್ ಪರೀಕ್ಷೆ ಅಷ್ಟು ನಂಬಿಕೆಗೆ ಅರ್ಹವಲ್ಲವಾದರೂ ಸಣ್ಣ ಊರುಗಳಲ್ಲಿ ಕೈಗೆ ಸಿಗುವುದು ಅದೇ. ಡೆಂಗಿ, ಚಿಕುನ್‌ಗುನ್ಯಾದ ಪ್ರತಿಕಾಯ ಪರೀಕ್ಷೆಗಳೂ ಕೆಲವೊಮ್ಮೆ ದಾರಿ ತಪ್ಪಿಸುವುದುಂಟು.

ಡೆಂಗಿಯ ಕಥೆ ಬೇರೆ. ಅಲ್ಲಿ ಕಣ್ಣಿನ ತೊಂದರೆ ಜ್ವರದ ಬೆನ್ನಿಗೇ ಬರುತ್ತದೆ. ಜ್ವರ ಶುರುವಾದ ಸುಮಾರು ಒಂದು ವಾರಕ್ಕೆ, ಪ್ಲೇಟ್‌ಲೆಟ್ ಎಣಿಕೆ ತಳ ಮುಟ್ಟುವ ಹೊತ್ತಿನಲ್ಲಿ, ರೋಗಿಗೆ ದೃಷ್ಟಿಯ ನಡುವೆ ಕಪ್ಪು ಚುಕ್ಕಿ ಕಾಣಿಸಬಹುದು, ಗೆರೆಗಳು ಡೊಂಕಾಗಿ ತೋರಬಹುದು. ಮ್ಯಾಕ್ಯುಲಾದ ಸುತ್ತಲಿನ ಸಣ್ಣ ನಾಳಗಳು ಸೋರುತ್ತವೆ, ಕೆಲವು ಮುಚ್ಚಿಕೊಳ್ಳುತ್ತವೆ. ಆಳದ ಪದರದ ಲೋಮನಾಳಗಳು ಮುಚ್ಚಿದರೆ ಹೊರಗಿನಿಂದ ಏನೂ ಕಾಣದೆ ಸ್ಕ್ಯಾನ್‌ನಲ್ಲಿ ಮಾತ್ರ ಗೆರೆಯೊಂದು ಮೂಡುತ್ತದೆ. ಪ್ಲೇಟ್‌ಲೆಟ್ ಕುಸಿತ ಒಂದನ್ನೇ ದೂರಲು ಬರುವುದಿಲ್ಲ. ಎಣಿಕೆ ಚೇತರಿಸಿಕೊಳ್ಳುತ್ತಿರುವಾಗಲೂ ಕಣ್ಣು ಕೆಟ್ಟ ರೋಗಿಗಳಿದ್ದಾರೆ. ಪ್ಲೇಟ್‌ಲೆಟ್ ಕಡಿಮೆಯಾಗುವ ಬೇರೆ ಕಾಯಿಲೆಗಳಲ್ಲಿ ಇಂಥ ಸೋರಿಕೆ ಸಾಮಾನ್ಯವಾಗಿ ಕಾಣದು.

ವೈರಾಣುವಿನ ತಳಿಯೂ ಲೆಕ್ಕಕ್ಕೆ ಬರುತ್ತದೆ ಎಂಬುದಕ್ಕೆ ಸಿಂಗಪುರದ ಅನುಭವವೇ ಗಟ್ಟಿ ಸಾಕ್ಷಿ. 2005ರಲ್ಲಿ ಡೆಂಗಿ-1 ತಳಿ ಹರಡಿದಾಗ ಆಸ್ಪತ್ರೆ ಸೇರಿದವರಲ್ಲಿ ಸುಮಾರು ಶೇ 10ರಷ್ಟು ಮಂದಿಗೆ ಮ್ಯಾಕ್ಯುಲಾ ಕೆಟ್ಟಿತ್ತು. 2007ರಲ್ಲಿ ಡೆಂಗಿ-2 ಬಂದಾಗ ಹಾಗೆಯೇ ಹುಡುಕಿದರೂ ಅಂಥ ರೋಗಿ ಸಿಗಲಿಲ್ಲ. ಈ ಒಂದು ಹೋಲಿಕೆ ಹತ್ತಾರು ಬಿಡಿ ವರದಿಗಳಿಗಿಂತ ಹೆಚ್ಚು ತೂಕದ್ದು. ಡೆಂಗಿಯ ನಾಲ್ಕು ತಳಿಗಳೂ ಭಾರತದಲ್ಲಿವೆ, ವರ್ಷದಿಂದ ವರ್ಷಕ್ಕೆ ಮೇಲುಗೈ ಬದಲಾಗುತ್ತದೆ. ಹೋದ ವರ್ಷ ಕಣ್ಣಿನ ತೊಂದರೆ ಕಾಣಲಿಲ್ಲವೆಂದು ಈ ವರ್ಷ ನಿಶ್ಚಿಂತೆಯಿಂದ ಇರುವಂತಿಲ್ಲ.

2022ರ ಡಿಸೆಂಬರ್‌ನಲ್ಲಿ ಮಾನ್ವಿ ತಾಲ್ಲೂಕು ಇದ್ದಕ್ಕಿದ್ದಂತೆ ರಾಜ್ಯದ ಸುದ್ದಿಯಾಯಿತು. ಡೆಂಗಿ, ಚಿಕುನ್‌ಗುನ್ಯಾ ಶಂಕೆಯಿಂದ ಮಗುವೊಂದರ ರಕ್ತದ ಮಾದರಿ ಕಳಿಸಿದ್ದಾಗ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಅದರಲ್ಲಿ ಜೀಕಾ ವೈರಾಣುವನ್ನು ದೃಢಪಡಿಸಿತು. ಕರ್ನಾಟಕದ ಮೊದಲ ಜೀಕಾ ಪ್ರಕರಣ ಇದೆಂದು ಆಗಿನ ಆರೋಗ್ಯ ಸಚಿವ ಕೆ. ಸುಧಾಕರ್ ಪ್ರಕಟಿಸಿದರು. ಹೊರದೇಶದ ಪ್ರಯಾಣಿಕರು ಇಳಿಯುವ ಮಹಾನಗರದಲ್ಲಿ ಅಲ್ಲ, ಭತ್ತದ ಸೀಮೆಯ ತಾಲ್ಲೂಕಿನಲ್ಲಿ ಅದು ಮೊದಲು ಸಿಕ್ಕಿತು. ಇನ್ನೆಲ್ಲೂ ಇರಲಿಲ್ಲವೆಂದು ಇದರ ಅರ್ಥವಲ್ಲ. ಹುಡುಕಿದ ಕಡೆ ಸಿಕ್ಕಿತು ಎಂದಷ್ಟೇ.

ದೊಡ್ಡವರಲ್ಲಿ ಜೀಕಾ ಸಾಮಾನ್ಯವಾಗಿ ಕಣ್ಣು ಕೆಂಪಾಗಿಸಿ ಹೊರಟುಹೋಗುತ್ತದೆ; ಒಳಗಿನ ಉರಿಯೂತ, ಮ್ಯಾಕ್ಯುಲಾದ ತೊಂದರೆ ಅಪರೂಪ. ಅದು ನಿಜವಾಗಿ ಕ್ರೂರವಾಗುವುದು ಗರ್ಭದಲ್ಲಿರುವ ಕೂಸಿಗೆ. 2015-16ರಲ್ಲಿ ಬ್ರೆಜಿಲ್‌ನ ರೆಸಿಫೆ ಮತ್ತು ಸಾಲ್ವಡಾರ್‌ನಲ್ಲಿ ತಲೆ ಸಣ್ಣದಾಗಿ ಹುಟ್ಟಿದ ಶಿಶುಗಳ ಕಣ್ಣು ನೋಡಿದ ವೈದ್ಯರಿಗೆ ಮ್ಯಾಕ್ಯುಲಾದಲ್ಲಿ ಕಪ್ಪು ಮಚ್ಚೆಗಳು, ಅಕ್ಷಿಪಟಲವೂ ಅದರ ಕೆಳಗಿನ ನಾಳಪದರವೂ ಸವೆದು ಬೋಳಾದ ವೃತ್ತಗಳು, ಬೆಳೆಯದ ದೃಷ್ಟಿನರ ಕಂಡವು. ಮುಂದೆ ವಿಶಾಲಕೋನದ ಕ್ಯಾಮೆರಾ ಬಳಸಿದಾಗ ಕೆಲವು ಶಿಶುಗಳ ಅಕ್ಷಿಪಟಲದ ಅಂಚಿಗೆ ನಾಳಗಳು ತಲುಪಿಯೇ ಇರಲಿಲ್ಲ, ದಾರಿಯ ನಡುವೆ ನಿಂತಿದ್ದವು. ಇರುವ ನಾಳ ಕೆಡುವುದು ಒಂದಾದರೆ, ಹುಟ್ಟಬೇಕಾದ ನಾಳವೇ ಹುಟ್ಟದಿರುವುದು ಇನ್ನೊಂದು. ಆದ್ದರಿಂದ ಈಡಿಸ್ ಸೊಳ್ಳೆ ಇರುವ ಊರಿನಲ್ಲಿ ಬಸುರಿಯ ಜ್ವರವನ್ನು ದಾಖಲೆಯಿಲ್ಲದೆ ಬಿಡಬಾರದು.

ಕೊರೊನಾ ವಿಷಯದಲ್ಲಿ ಬರೆದದ್ದು ಹೆಚ್ಚು, ಸಾಬೀತಾದದ್ದು ಕಡಿಮೆ. ಸಾರ್ಸ್-ಕೋವ್-2 ಹೊಕ್ಕಲು ಬಳಸುವ ಏಸ್-2 ಗ್ರಾಹಕ ನಾಳಗಳಲ್ಲಿಯೂ ಇದೆ, ತೀವ್ರ ರೋಗದಲ್ಲಿ ದೇಹದ ತುಂಬ ಸಣ್ಣ ಗರಣೆಗಳು ಕಟ್ಟುತ್ತವೆ. ಹಾಗಾಗಿ ಕಣ್ಣಿನಲ್ಲಿಯೂ ಕಾಣಬೇಕೆಂಬ ನಿರೀಕ್ಷೆ ಸಹಜವೇ. 2020ರ ಮೇ ತಿಂಗಳಲ್ಲಿ ಬ್ರೆಜಿಲ್‌ನ ವೈದ್ಯರು ಲ್ಯಾನ್ಸೆಟ್ ಪತ್ರಿಕೆಯಲ್ಲಿ 12 ರೋಗಿಗಳ ವರದಿ ಕೊಟ್ಟರು. ಎಲ್ಲರ ಸ್ಕ್ಯಾನ್‌ನಲ್ಲಿಯೂ ಅಕ್ಷಿಪಟಲದ ಒಳಪದರದಲ್ಲಿ ಬೆಳ್ಳನೆಯ ಗುರುತುಗಳಿವೆ, ನಾಲ್ವರಲ್ಲಿ ಹತ್ತಿಮಚ್ಚೆ ಮತ್ತು ಸಣ್ಣ ರಕ್ತಸ್ರಾವಗಳಿವೆ ಎಂದರು. ಆ ಬೆಳ್ಳನೆಯ ಗುರುತುಗಳು ಆರೋಗ್ಯವಂತರಲ್ಲಿಯೂ ಇರುವ ಮಾಮೂಲಿ ರಕ್ತನಾಳಗಳೇ ಎಂದು ಬೇರೆ ತಜ್ಞರು ಕೂಡಲೇ ತಕರಾರು ತೆಗೆದರು; ಆ ತಕರಾರೇ ಸರಿಯೆನಿಸುತ್ತದೆ. ಇಟಲಿಯ ಮಿಲಾನ್‌ನಲ್ಲಿ ನಡೆದ ಅಧ್ಯಯನ ಇನ್ನಷ್ಟು ಎಚ್ಚರದ್ದು. ಅಲ್ಲಿ ರೋಗಿಗಳ ಅಕ್ಷಿಪಟಲದ ನಾಳಗಳ ಅಗಲವನ್ನು ಅಳೆದು ಸೋಂಕಿಲ್ಲದವರೊಂದಿಗೆ ಹೋಲಿಸಿದರು. ಸೋಂಕಿತರಲ್ಲಿ ಅಭಿಧಮನಿಗಳು ಅಗಲವಾಗಿದ್ದವು, ರೋಗ ತೀವ್ರವಾದಷ್ಟೂ ಆ ಅಗಲ ಹೆಚ್ಚಿತ್ತು. ರೋಗಿ ಕಣ್ಣಿನ ತೊಂದರೆಯೆಂದು ಹೇಳಿಕೊಳ್ಳುವ ಮೊದಲೇ ನಾಳ ಉರಿಯೂತಕ್ಕೆ ಸ್ಪಂದಿಸುತ್ತಿತ್ತು. ಕಣ್ಣಿನ ಮುಖ್ಯ ಅಭಿಧಮನಿ ಮುಚ್ಚಿ ದೃಷ್ಟಿ ಹೋದ ಕಿರಿಯ ವಯಸ್ಸಿನವರ ಬಿಡಿ ಪ್ರಕರಣಗಳೂ ಲೋಕದ ಹಲವೆಡೆಯಿಂದ ಬಂದಿವೆ.

2021ರ ಎರಡನೆಯ ಅಲೆಯ ಕಪ್ಪು ಶಿಲೀಂಧ್ರವನ್ನು ಇದರೊಂದಿಗೆ ಬೆರೆಸಬಾರದು. ಆಗ ಈ ಭಾಗದಲ್ಲಿಯೂ ಜನ ಕಣ್ಣು ಕಳೆದುಕೊಂಡರು, ಆದರೆ ನಾಳವನ್ನು ಕೊರೆದು ಮುಚ್ಚಿದ್ದು ಶಿಲೀಂಧ್ರ. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಅಳತೆ ಮೀರಿದ ಸ್ಟೀರಾಯ್ಡ್ ಅದಕ್ಕೆ ದಾರಿ ಮಾಡಿಕೊಟ್ಟವು.

ಎಚ್‌ಐವಿ ಹಳೆಯ ಮತ್ತು ಚೆನ್ನಾಗಿ ಅರಿತ ಉದಾಹರಣೆ. ಚಿಕಿತ್ಸೆ ಸಿಗದ ಕಾಲದಲ್ಲಿ ಏಡ್ಸ್ ಹಂತ ತಲುಪಿದ ಅರ್ಧಕ್ಕೂ ಹೆಚ್ಚು ಮಂದಿಯ ಅಕ್ಷಿಪಟಲದಲ್ಲಿ ಹತ್ತಿಮಚ್ಚೆಗಳಿರುತ್ತಿದ್ದವು. ಅವು ತಾವಾಗಿ ದೃಷ್ಟಿ ಕೆಡಿಸುವುದು ಕಡಿಮೆ. ರಕ್ಷಣಾ ಕೋಶಗಳ ಸಿಡಿ-4 ಎಣಿಕೆ 50ಕ್ಕಿಂತ ಕೆಳಗಿಳಿದಾಗ ಮೇಲೇಳುವ ಸೈಟೊಮೆಗಾಲೊ ವೈರಾಣು ಮಾತ್ರ ನಾಳಗಳ ಜಾಡಿನಲ್ಲೇ ಅಕ್ಷಿಪಟಲವನ್ನು ಕೊಳೆಸುತ್ತ ಹೋಗುತ್ತದೆ. ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆ ಬಂದ ಮೇಲೆ ಇದು ಬಹಳ ಕಡಿಮೆಯಾಗಿದೆ. ಉತ್ತರ ಕರ್ನಾಟಕದಲ್ಲಿ ಮಾತ್ರೆ ನಡುವೆ ಬಿಟ್ಟವರಲ್ಲಿ ಈಗಲೂ ಅದರ ಭಯ ಇದೆ. ಸರ್ಪಸುತ್ತಿನ ವೈರಾಣು ಮತ್ತು ಹರ್ಪಿಸ್ ಆರೋಗ್ಯವಂತರಲ್ಲಿಯೂ ಅಪಧಮನಿಗಳನ್ನು ಮುಚ್ಚಿ ಕೆಲವೇ ದಿನಗಳಲ್ಲಿ ಅಕ್ಷಿಪಟಲವನ್ನು ಸಾಯಿಸಬಲ್ಲವು. 1971ರಲ್ಲಿ ಜಪಾನಿನ ಉರಯಾಮ ಮೊದಲು ವಿವರಿಸಿದ ಈ ರೋಗ ವಿರಳ, ಆದರೆ ತಡವಿಲ್ಲದೆ ಅಸೈಕ್ಲೊವಿರ್ ಶುರುವಾಗಬೇಕಾದದ್ದು.

ಚಿಕಿತ್ಸೆಯ ಚಿತ್ರ ಇದರಿಂದಲೇ ತಿಳಿಯುತ್ತದೆ. ಹರ್ಪಿಸ್ ಗುಂಪಿಗೆ ವೈರಾಣು ನಿರೋಧಕ ಔಷಧಿ ಇದೆ. ಡೆಂಗಿ, ಚಿಕುನ್‌ಗುನ್ಯಾ, ಜೀಕಾಗಳಿಗೆ ಇಲ್ಲ. ಅವುಗಳಲ್ಲಿ ಸೌಮ್ಯವಾದವು ವಾರಗಳಲ್ಲಿ ತಾವೇ ಇಳಿಯುತ್ತವೆ. ಮ್ಯಾಕ್ಯುಲಾದಲ್ಲಿ ನೀರು ಹೆಚ್ಚಿದ್ದರೆ, ದೃಷ್ಟಿನರ ಊದಿದ್ದರೆ ಸ್ಟೀರಾಯ್ಡ್, ಕೆಲವೊಮ್ಮೆ ನಾಳ ಸೋರಿಕೆ ತಡೆಯುವ ಚುಚ್ಚುಮದ್ದು. ಸ್ಟೀರಾಯ್ಡ್‌ನಿಂದ ಎಷ್ಟು ಉಪಯೋಗ ಎಂಬುದಕ್ಕೆ ಹೋಲಿಕೆಯ ಪ್ರಯೋಗಗಳ ಆಧಾರ ತೆಳುವಾಗಿದೆ. ಸಕ್ಕರೆ ಪರೀಕ್ಷಿಸದೆ, ಹರ್ಪಿಸ್ ಮತ್ತು ಕ್ಷಯ ಇಲ್ಲವೆಂದು ಖಚಿತಪಡಿಸಿಕೊಳ್ಳದೆ ಅದನ್ನು ಕೊಡುವುದು ಅಪಾಯ. ಡೆಂಗಿ ಜ್ವರದಲ್ಲಿ ಆಸ್ಪಿರಿನ್, ಬ್ರೂಫಿನ್ ತರದ ನೋವಿನ ಮಾತ್ರೆ ನುಂಗಿದರೆ ರಕ್ತಸ್ರಾವದ ಸಂಭವ ಹೆಚ್ಚುತ್ತದೆ, ಕಣ್ಣಿನಲ್ಲಿಯೂ.

ಇದನ್ನೆಲ್ಲ ಪತ್ತೆ ಹಚ್ಚಲು ಬೇಕಾದ ಮೊದಲ ಸಾಧನ ದುಬಾರಿಯಲ್ಲ: ಪಾಪೆ ಹಿಗ್ಗಿಸುವ ಹನಿ, ಒಂದು ಮಸೂರ, ನೋಡಲು ಬಲ್ಲ ವೈದ್ಯ. ಅಕ್ಷಿಪಟಲದ ಪದರಗಳನ್ನು ತೋರಿಸುವ ಒಸಿಟಿ ಸ್ಕ್ಯಾನ್, ಬಣ್ಣ ಚುಚ್ಚಿ ತೆಗೆಯುವ ಚಿತ್ರ ಆಮೇಲಿನವು. ದೇವದುರ್ಗ, ಮಾನ್ವಿಯ ತಾಲ್ಲೂಕು ಆಸ್ಪತ್ರೆಗಳಲ್ಲಿ ಜ್ವರಕ್ಕೆ ಚಿಕಿತ್ಸೆ ಸಿಗುತ್ತದೆ. ರಾಯಚೂರಿನಲ್ಲಿ ರಿಮ್ಸ್, ಅಂದರೆ ರಾಯಚೂರು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ನೇತ್ರ ವಿಭಾಗ ಹೊಂದಿದೆ. ಅದಕ್ಕೂ ಮೇಲಿನ ಅಕ್ಷಿಪಟಲ ಚಿಕಿತ್ಸೆಗೆ ಜನ ಹೈದರಾಬಾದ್, ಹುಬ್ಬಳ್ಳಿ ಅಥವಾ ಬೆಂಗಳೂರಿನ ದಾರಿ ಹಿಡಿಯುತ್ತಾರೆ. ರಾಯಚೂರಿಗೆ ಏಮ್ಸ್ ಬೇಕೆಂದು 2022ರಿಂದ ನಡೆದ ದೀರ್ಘ ಧರಣಿಯ ಹಿಂದಿನ ದೂರು ಇಂಥ ಪ್ರಯಾಣಗಳದ್ದೇ. ಆದರೆ ಏಮ್ಸ್ ಬರುವವರೆಗೆ ಕಾಯಬೇಕಾಗಿಲ್ಲದ ಕೆಲಸವೂ ಇದೆ. ಜ್ವರದ ರೋಗಿಯನ್ನು ಮನೆಗೆ ಕಳಿಸುವ ಚೀಟಿಯಲ್ಲಿ ‘ಒಂದು ತಿಂಗಳೊಳಗೆ ಕಣ್ಣು ಮಂಜಾದರೆ ಬನ್ನಿ’ ಎಂದು ಒಂದು ಸಾಲು ಬರೆಯಲು ಯಾವ ಯಂತ್ರವೂ ಬೇಡ.

ಕಣ್ಣು ಮಬ್ಬಾದಾಗ ನಲವತ್ತು ದಾಟಿದವರು ಚಾಳೀಸು ಬಂತೆಂದೂ, ಅರವತ್ತು ದಾಟಿದವರು ಪೊರೆ ಬಂತೆಂದೂ ಸುಮ್ಮನಾಗುತ್ತಾರೆ. ಚಾಳೀಸು ಒಂದೇ ವಾರದಲ್ಲಿ ಬರುವುದಿಲ್ಲ, ಪೊರೆಯೂ ಅಷ್ಟು ಬೇಗ ಬೆಳೆಯುವುದಿಲ್ಲ. ಜ್ವರ ಬಂದು ಹೋದವರು ಒಂದು ತಿಂಗಳ ಮಟ್ಟಿಗೆ ದಿನಕ್ಕೊಮ್ಮೆ ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ಬಾಗಿಲ ಚೌಕಟ್ಟನ್ನೋ ಚೌಕುಳಿ ಪುಸ್ತಕದ ಹಾಳೆಯನ್ನೋ ನೋಡಿಕೊಳ್ಳಲಿ. ಗೆರೆ ಡೊಂಕಾಗಿ ಕಂಡರೆ, ನಡುವೆ ಕಪ್ಪು ಚುಕ್ಕಿ ನಿಂತರೆ, ಮುಂದಿನ ಸಂತೆಯ ದಿನದವರೆಗೆ ತಡೆಯದೆ ಪಾಪೆ ಹಿಗ್ಗಿಸಿ ನೋಡುವ ಕಣ್ಣಿನ ವೈದ್ಯರ ಬಳಿ ಹೋಗಲಿ, ಜ್ವರದ ಚೀಟಿಯನ್ನೂ ಜೊತೆಗೆ ಒಯ್ಯಲಿ.